ಕಲ್ಲಿನ ಮೀನು, ಚಿಪ್ಪಿನ ಮೀನು

ನಮ್ಮ ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಅವ್ವ ಶಂಡಿಗೆ ತುಂಬಿಟ್ಟಿದ್ದಳು. ಅಕ್ಕಿ ಶಂಡಿಗೆ, ಸಾಬೂದಾಣಿ ಶಂಡಿಗೆ, ಉದ್ದಿನ ಹಪ್ಪಳ ಎಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಒತ್ತಾಗಿ ಕುಳಿತು ಬಂದವರಿಗೆಲ್ಲ ಗಾಜಿನೊಳಗಿಂದ ಕಾಣುತ್ತಿದ್ದವು. ನೆಂಟರು ನಕ್ಕರೆ ಅವ್ವ, "ನಗ್ರಿ ನಗ್ರಿ, ಇಲಿ ಅಂತೂ ಒಳಗ ಹೋಗಂಗಿಲ್ಲ" ಎನ್ನುತ್ತಿದ್ದಳು.

ಆ ತೊಟ್ಟಿಯನ್ನು ತಂದವನು ಅಪ್ಪ. ಅವನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಮೀನು ಆಡುತ್ತಿದ್ದರೆ ವ್ಯಾಪಾರ ಕೈಹತ್ತುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದನ್ನು ನಂಬಿ ಹುಬ್ಬಳ್ಳಿಯಿಂದ ತೊಟ್ಟಿಯನ್ನೂ ಮೀನನ್ನೂ ತಂದಿದ್ದ. ಉದ್ದ ರೆಕ್ಕೆಯ ಏಂಜಲ್ ಮೀನು ಕೆಲವು, ಕೆಂಪು ನೀಲಿ ಗೆರೆಯ ಸಣ್ಣ ಮೀನು ಒಂದಷ್ಟು. ನಮ್ಮದು ಬೋರಿನ ನೀರು. ಒಂದು ವಾರ ಕಾಯಿಸಿದರೆ ಹಂಡೆಯ ಒಳಗೆ ಬಿಳಿ ಹೆಕ್ಕಳಿಕೆ ಕಟ್ಟುತ್ತಿತ್ತು, ಸೋಪು ಉಜ್ಜಿದರೆ ನೊರೆ ಬರುತ್ತಿರಲಿಲ್ಲ. ಅಂಥ ನೀರಿನಲ್ಲಿ ಆ ನಾಜೂಕು ಮೀನುಗಳು ಒಂದೊಂದಾಗಿ ಮೇಲೆ ತೇಲಿದವು. ಅಪ್ಪನಿಗೆ ಬೇಜಾರಾಯಿತು. "ಸಾಯಸೂದಕ್ಕ ತಂದಂಗಾತು" ಎಂದು ತೊಟ್ಟಿ ಖಾಲಿ ಮಾಡಿದ. ಅಲ್ಲಿಗೆ ಶಂಡಿಗೆ ಬಂತು.

ನಾನು ಆಗ ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದೆ. ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳುವುದು, ಉಳಿದ ಹೊತ್ತು ಅವ್ವನ ಕೈಕೆಳಗೆ ಕೆಲಸ. ಮನೆಯಲ್ಲಿ ವರ ಹುಡುಕುತ್ತಿದ್ದರು. ಬಂದವರಲ್ಲಿ ಒಬ್ಬರು ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ತಿಳಿಸಲೇ ಇಲ್ಲ. ಇನ್ನೊಬ್ಬರು, ಹುಡುಗಿಯ ಬಣ್ಣ ಸ್ವಲ್ಪ ಕಡಿಮಿ ಎಂದು ಮಧ್ಯಸ್ಥಿಕೆಯವರ ಬಾಯಲ್ಲಿ ಹೇಳಿ ಕಳಿಸಿದರು. ಅವ್ವ ಕಡಲೆಹಿಟ್ಟು, ಕೆನೆ ಎಂದು ಏನೇನೋ ಹಚ್ಚಿಸಿದಳು. ನಾನು ಸುಮ್ಮನೆ ಹಚ್ಚಿಸಿಕೊಂಡೆ.

ಆ ದಿನಗಳಲ್ಲೇ ಒಮ್ಮೆ ಗೆಳತಿಯೊಬ್ಬಳು ಲವ್‌ಬರ್ಡ್ಸ್ ಕೊಳ್ಳಬೇಕೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿನ ಹಿಂದೆ ಹಕ್ಕಿ, ಮೀನು ಮಾರುವ ಒಂದು ಚಿಕ್ಕ ಅಂಗಡಿ. ಅಂಗಡಿಯ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವಳು ಹಕ್ಕಿ ಆರಿಸುತ್ತಿದ್ದಾಗ ನಾನು ಮೂಲೆಯ ತೊಟ್ಟಿಯ ಮುಂದೆ ನಿಂತೆ. ಅದರಲ್ಲಿ ಗಿಡವಿಲ್ಲ, ಬೊಂಬೆಯಿಲ್ಲ, ಬರೀ ಕಲ್ಲು. ಗುಡ್ಡದ ಚೂರೊಂದನ್ನು ತಂದು ನೀರಿಗಿಟ್ಟ ಹಾಗೆ ಕಲ್ಲಿನ ಮೇಲೆ ಕಲ್ಲು. ಅದರ ಸಂದಿಗಳಿಂದ ಅರಿಶಿಣದಂಥ ಹಳದಿ ಮೀನು, ಕಪ್ಪು ಪಟ್ಟೆಯ ನೀಲಿ ಮೀನು ಹೊರಗೆ ಬಂದು, ಒಂದನ್ನೊಂದು ಅಟ್ಟಿಸಿಕೊಂಡು, ಮತ್ತೆ ಇನ್ನೊಂದು ಸಂದಿಯಲ್ಲಿ ಮಾಯವಾಗುತ್ತಿದ್ದವು.

"ಚಾಚಾ, ಇವು ಯಾವ ಮೀನ್ರಿ?"

"ಸಿಕ್ಲಿಡ್ ಅಂತಾರವಾ. ಆಫ್ರಿಕಾದ್ವು. ಅಲ್ಲಿ ಸಮುದ್ರದಂಥಾ ಕೆರಿ ಅದಾವಂತ. ಅದರ ದಂಡ್ಯಾಗ ಕಲ್ಲಿನ ಸಂದ್ಯಾಗ ಇರ್ತಾವ. ಊರು, ಮನಿ, ಅಡಗಿ ಎಲ್ಲಾ ಆ ಕಲ್ಲಾಗನ."

"ಚಂದ ಅದಾವ್ರಿ. ಆದ್ರ ನಮ್ಮ ಮನ್ಯಾಗ ಮೀನ ಬದುಕಂಗಿಲ್ಲ. ಬೋರಿನ ನೀರು, ಭಾಳ ಸವಳು."

ಚಾಚಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆ ನೀರಾಗ ಬ್ಯಾಳಿ ಬೇಯ್ತೈತೇನು?"

"ಎಲ್ಲೀದ್ರಿ. ಬ್ಯಾಳಿಗೆ ಅವ್ವ ನಳದ ನೀರು ತುಂಬಿಟ್ಟಿರ್ತಾಳ."

"ಹಂಗಾರ ಇವು ನಿಮ್ಮ ಮನ್ಯಾಗನ ಬದುಕ್ತಾವ. ಇವಕ್ಕ ಬ್ಯಾಳಿ ಬೇಯೂ ನೀರು ಒಗ್ಗಂಗಿಲ್ಲ."

ನಾನು ತಮಾಷೆ ಎಂದುಕೊಂಡೆ. ಆದರೆ ಮರುದಿನ ಸೈಬರ್ ಸೆಂಟರಿಗೆ ಹೋಗಿ ಹುಡುಕಿದಾಗ ಚಾಚಾ ಹೇಳಿದ್ದು ಖರೇ ಎಂದು ಗೊತ್ತಾಯಿತು. ಆ ಸರೋವರಗಳ ನೀರು ಗಡಸು. ಮೆತ್ತನೆಯ ನೀರಿನಲ್ಲಿ ಇಟ್ಟರೆ ಆ ಮೀನುಗಳೇ ಸೊರಗುತ್ತವೆ. ಬಹಳ ದಿನಗಳ ಮೇಲೆ ಓದಿ ಖುಷಿಪಟ್ಟ ವಿಷಯ ಅದು. ನಾವೆಲ್ಲ ಬೈಯುತ್ತಿದ್ದ ನೀರನ್ನೇ ಬೇಡುವ ಜೀವವೊಂದು ಇದೆ ಎಂಬುದನ್ನು ಮನೆಗೆ ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನ ಮುಖ ಅರಳಿತು. ಅವ್ವನದು ಅರಳಲಿಲ್ಲ.

"ಕಾಯಿಪಲ್ಯೆ ತಿನ್ನೂ ಮನಿ ನಮ್ಮದು. ಅವಕ್ಕ ಹುಳಾ ಹುಪ್ಪಡಿ ಹಾಕೂದು ನನಗ ಸೇರಂಗಿಲ್ಲ."

"ಇವು ಕಲ್ಲಿನ ಮ್ಯಾಲಿನ ಪಾಚಿ ತಿಂತಾವ ಬೇ. ಪಾಲಕ್ ಕುದಿಸಿ ಹಾಕಿದ್ರ ತಿಂತಾವ. ಹುಳಾ ಹಾಕಿದ್ರನ ಇವಕ್ಕ ಹೊಟ್ಟಿ ಉಬ್ಬರಸ್ತೈತಿ."

ಅವ್ವ, "ಹೌದಾ? ಹಂಗಾರ ನಮ್ಮ ಪೈಕೀನ ಅಂದಂಗಾತು" ಎಂದು ಶಂಡಿಗೆಗಳನ್ನು ಡಬ್ಬಿಗೆ ಸಾಗಿಸಿದಳು.

ಕಲ್ಲು ತರಲು ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಹಲಗೇರಿ ರಸ್ತೆಗೆ ಕರೆದೊಯ್ದ. ದಾರಿಯ ಪಕ್ಕದ ದಿಬ್ಬದಲ್ಲಿ ಇಬ್ಬರೂ ಬಗ್ಗಿ ಬಗ್ಗಿ ಕಲ್ಲು ಆರಿಸುವುದನ್ನು ಕಂಡು ಎತ್ತಿನ ಗಾಡಿಯವನೊಬ್ಬ ನಿಂತು, "ಏನ ಕಳಕೊಂಡೀರಿ ಸಾವಕಾರ್ರ?" ಎಂದ. "ಇಲ್ಲಪಾ, ಮೀನಕ್ಕ ಮನಿ ಕಟ್ಟಾಕತ್ತೇವಿ" ಎಂದು ಅಪ್ಪ ಗಂಭೀರವಾಗಿ ಹೇಳಿದ. ಗಾಡಿಯವನು ಲಗುಬಗೆಯಿಂದ ಎತ್ತು ಹೊಡೆದ.

ತೊಟ್ಟಿಗೆ ಉಸುಕು ಹಾಕಿ, ಅದರ ಮೇಲೆ ಕಲ್ಲು ಒಟ್ಟಿ, ನಾಲ್ಕೈದು ದಿನ ನೀರು ತಿಳಿಯಾಗಲು ಬಿಟ್ಟು ಮೀನು ತಂದೆವು. ಈ ಸಲ ಯಾವುದೂ ತೇಲಲಿಲ್ಲ. ದಪ್ಪ ನೀಲಿ ಗಂಡೊಂದು ಎಲ್ಲಕ್ಕಿಂತ ದೊಡ್ಡ ಕಲ್ಲಿನ ಬುಡವನ್ನು ತನ್ನದೆಂದು ಹಿಡಿದು, ಬಾಯಲ್ಲಿ ಉಸುಕು ತುಂಬಿ ತುಂಬಿ ಹೊರಗೆ ಉಗುಳಿ ಗುಂಡಿ ತೋಡಿತು. ಅಪ್ಪ ಅಂಗಡಿಯಿಂದ ಬಂದವನೇ ಟೋಪಿಯನ್ನೂ ತೆಗೆಯದೆ ಅದರ ಮುಂದೆ ಕೂರುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲುಗಳ ಮೇಲೆ ಹಸಿರು ಪಾಚಿ ಹಿಡಿದು, ಮೀನುಗಳು ತಲೆಕೆಳಗಾಗಿ, ಅಡ್ಡಡ್ಡಾಗಿ ನಿಂತು ಅದನ್ನು ಕೆರೆದು ಮೇಯತೊಡಗಿದವು.

ಚಿಪ್ಪಿನ ಮೀನು ಬಂದದ್ದು ಅದರ ನಂತರ. ಮುಂಬೈಯಿಂದ ಚಾಚಾನಿಗೆ ಬಂದ ಮಾಲಿನಲ್ಲಿ ಹೆಬ್ಬೆರಳಿಗಿಂತ ಸಣ್ಣದಾದ, ಮಣ್ಣು ಬಣ್ಣದ ಒಂದಷ್ಟು ಮೀನು ಬಂದಿದ್ದವು. ಬಣ್ಣವಿಲ್ಲವೆಂದು ಯಾರೂ ಒಯ್ಯುತ್ತಿರಲಿಲ್ಲ. "ಇವು ಬಸವನಹುಳದ ಖಾಲಿ ಚಿಪ್ಪಿನ್ಯಾಗ ಸಂಸಾರ ಮಾಡ್ತಾವ. ನೀನಾರ ಒಯ್ಯಿ, ನೋಡವರಿಗೆ ಕೊಟ್ಟಂಗಾಕ್ಕೈತಿ" ಎಂದು ಚಾಚಾ ಜೊತೆಗೆ ಬಂದ ಕೆಲವು ಚಿಪ್ಪುಗಳನ್ನೂ ಕಟ್ಟಿಕೊಟ್ಟರು. ದೊಡ್ಡ ತೊಟ್ಟಿಗೆ ಬಿಟ್ಟರೆ ಕಲ್ಲಿನ ಮೀನುಗಳು ಉಳಿಸುವುದಿಲ್ಲ. ಹಾಗಾಗಿ ದಿವಾನದ ಪಕ್ಕದ ಸ್ಟೂಲಿನ ಮೇಲೆ ಸಣ್ಣ ತೊಟ್ಟಿಯೊಂದರಲ್ಲಿ ದಪ್ಪಗೆ ಉಸುಕು ಹಾಕಿ ಬಿಟ್ಟೆ. ಚಿಪ್ಪು ಕಡಿಮೆ, ಮೀನು ಹೆಚ್ಚು. ದಿನವೂ ಜಗಳ. ಚಿಪ್ಪು ಸಿಕ್ಕವು ಅದನ್ನು ಉಸುಕಿನಲ್ಲಿ ಹುಗಿದು ಬಾಯಷ್ಟೇ ತೆರೆದಿಟ್ಟುಕೊಂಡು ಬಾಗಿಲಲ್ಲಿ ಕಾವಲು ಕೂರುತ್ತಿದ್ದವು. ನಾನು ಕೈ ಹಾಕಿದರೆ ಆ ಚೋಟುದ್ದದ ಜೀವ ಬಂದು ಬೆರಳಿಗೆ ಗುದ್ದುತ್ತಿತ್ತು.

ಬ್ಯಾಡಗಿಯ ಮನೆಯವರು ನನ್ನನ್ನು ನೋಡಲು ಬಂದದ್ದು ಚಳಿಗಾಲದ ಒಂದು ಭಾನುವಾರ. ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಹುಡುಗನ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು; ತಾಯಿ ಮಗ ಇಬ್ಬರೇ ಅಂಗಡಿ ನಡೆಸಿಕೊಂಡಿದ್ದರು. ಮನೆಯ ಹಿರಿಯರೆಂದು ಹಾವೇರಿಯಿಂದ ಅವರ ದೊಡ್ಡಪ್ಪ ಬಂದಿದ್ದರು. ಮಾತೆಲ್ಲ ದೊಡ್ಡಪ್ಪನದೇ. ತಾಯಿ ಸೆರಗು ಹೊದ್ದುಕೊಂಡು ದಿವಾನದ ತುದಿಯಲ್ಲಿ, ಸಣ್ಣ ತೊಟ್ಟಿಯ ಪಕ್ಕ ಕುಳಿತರು. ಹುಡುಗ ದೊಡ್ಡ ತೊಟ್ಟಿಯ ಎದುರಿನ ಕುರ್ಚಿಯಲ್ಲಿ. ನಾನು ಶಿರಾ, ಉಪ್ಪಿಟ್ಟಿನ ತಾಟುಗಳನ್ನು ಹಿಡಿದು ಒಳಗಿನಿಂದ ಬಂದೆ. ಅಡ್ಡಗಣ್ಣಿಂದ ನೋಡಿದರೆ ಹುಡುಗ ನನ್ನನ್ನು ನೋಡುತ್ತಿರಲಿಲ್ಲ, ಮೀನು ನೋಡುತ್ತಿದ್ದರು. ನನಗೇನೋ ಹಗುರೆನಿಸಿತು.

"ಏನ ಓದೀವಾ?" ಎಂದು ದೊಡ್ಡಪ್ಪ ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ತೊಟ್ಟಿಯೊಳಗೆ ದೊಡ್ಡ ಕಲ್ಲು ಮಗುಚಿತು. ಸದ್ದೇನೂ ದೊಡ್ಡದಲ್ಲ. ಕೆಳಗಿನ ಮೂಲೆಯಿಂದ ಗಾಜಿನ ಮೇಲೆ ಒಂದು ಗೆರೆ ಎದ್ದು ಮೇಲಕ್ಕೆ ಓಡಿತು. ಆಮೇಲೆ ನೀರು.

ಎಲ್ಲರೂ ಕಾಲು ಮೇಲೆತ್ತಿಕೊಂಡರು. ದೊಡ್ಡಪ್ಪನ ಚಪ್ಪಲಿ ಬಾಗಿಲ ಕಡೆ ತೇಲಿಕೊಂಡು ಹೋದವು. ಅವ್ವ "ಅಯ್ಯ ಶಿವನ!" ಎಂದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಒಡೆದ ಜಾಗಕ್ಕೆ ತನ್ನ ಟವೆಲ್ಲು ಒತ್ತಿ ಹಿಡಿದ. ನಾನು ತಾಟು ನೆಲಕ್ಕಿಟ್ಟು ಒಳಗೆ ಓಡಿ ಸಿಕ್ಕ ಬಕೀಟು ತಂದೆ. ತಿರುಗಿ ನೋಡಿದರೆ ಹುಡುಗ ಪ್ಯಾಂಟು ಮೊಣಕಾಲಿನ ತನಕ ಮಡಚಿ, ತೋಳು ಏರಿಸಿ, ಬಚ್ಚಲ ಕಡೆಯಿಂದ ತಾಮ್ರದ ಹಂಡೆ ಎತ್ತಿಕೊಂಡು ಬರುತ್ತಿದ್ದರು.

"ತಾಮ್ರದ್ದು ಬ್ಯಾಡ್ರಿ! ಸಾಯ್ತಾವ!" ಎಂದು ಒದರಿದೆ. ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಅವರು ಹಂಡೆ ಇಟ್ಟು ಪ್ಲಾಸ್ಟಿಕ್ ಟಬ್ಬು ತಂದರು. ಬೋರಿನ ಟಾಕಿಯಿಂದ ಅದಕ್ಕೆ ನೀರು ತುಂಬಿಸಿದೆ. ತೊಟ್ಟಿಯಲ್ಲಿ ನೀರು ಇಳಿಯುತ್ತಿತ್ತು, ಮೀನುಗಳು ಮಾತ್ರ ಕಾಣುತ್ತಿರಲಿಲ್ಲ. ಭಯವಾದಷ್ಟೂ ಅವು ಕಲ್ಲಿನ ಸಂದಿಗೆ ಇನ್ನಷ್ಟು ಒತ್ತಿ ಕೂರುತ್ತವೆ.

"ಕಲ್ಲು ನಾ ಎತ್ತತೇನಿ, ನೀವು ಹಿಡೀರಿ" ಎಂದರು.

"ಸಾವಕಾಶ ಎತ್ರಿ, ಒಳಗ ಸಿಕ್ಕೊಂಡಿರ್ತಾವ."

ಅವರು ಒಂದೊಂದೇ ಕಲ್ಲು ಎತ್ತಿದರು. ನಾನು ಅಂಗೈಯಲ್ಲಿ, ಬಟ್ಟಲಲ್ಲಿ, ಕೊನೆಗೆ ಹೊಸ ಸೀರೆಯ ಸೆರಗಿನಲ್ಲಿ ಮೀನು ಹಿಡಿದು ಟಬ್ಬಿಗೆ ಬಿಟ್ಟೆ. ಒಂದು ಹಳದಿ ಮೀನು ಜಾರಿ ನೆಲಕ್ಕೆ ಬಿದ್ದು ಕುರ್ಚಿಯ ಕೆಳಗೆ ಹೋಯಿತು. ಅವರು ಹೊಟ್ಟೆಯ ಮೇಲೆ ಮಲಗಿ ಅದನ್ನು ಹಿಡಿದರು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ನನ್ನ ಮುಖಕ್ಕೆ ಹಚ್ಚಿದ್ದ ಪೌಡರು ತೊಳೆದುಹೋಗಿ ಇದ್ದ ಬಣ್ಣ ಇದ್ದ ಹಾಗೆ ನಿಂತಿದ್ದೆ. ಆ ಗದ್ದಲದಲ್ಲೂ ಅವರ ತಾಯಿ ಮಾತ್ರ ಅಲ್ಲಾಡಿರಲಿಲ್ಲ. ಕಾಲು ಮೇಲೆ ಮಡಚಿಕೊಂಡು, ಸಣ್ಣ ತೊಟ್ಟಿಗೆ ಮುಖ ಹತ್ತಿರ ಇಟ್ಟು ಏನನ್ನೋ ನೋಡುತ್ತಿದ್ದರು.

ಹೋಗುವಾಗ ದೊಡ್ಡಪ್ಪ ಹಸಿ ಚಪ್ಪಲಿ ಮೆಟ್ಟಿ, ಅಪ್ಪನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದರು. "ತಪ್ಪ ತಿಳಕೋಬ್ಯಾಡ್ರಿ. ಹೆಣ್ಣ ನೋಡಾಕ ಬಂದ ಹೊತ್ತಿನ್ಯಾಗ ಗಾಜು ಒಡೀತು. ಮನಸ್ಸಿಗೆ ಬರಾವಲ್ದು. ಇದನ್ನ ಇಲ್ಲಿಗೇ ಬಿಡೂಣು."

ಅವ್ವ ಆ ದಿನ ಊಟ ಮಾಡಲಿಲ್ಲ. "ಆ ಮೀನ ಎಲ್ಲಿಂದ ತಂದಿದ್ದಿ ಅಲ್ಲೇ ಕೊಟ್ಟು ಬಾ" ಎಂದು ನನಗೆ ಹೇಳಿ ಅತ್ತಳು. ನಾನೂ ಅತ್ತೆ. ಆದರೆ ಕೊಟ್ಟು ಬರುತ್ತೇನೆಂದು ಹೇಳಲಿಲ್ಲ. ಅಪ್ಪ ಒಬ್ಬನೇ ಸಮಾಧಾನದಲ್ಲಿದ್ದ. "ಕಲ್ಲು ಬಿತ್ತು, ಗಾಜು ಒಡೀತು. ಅದರಾಗ ಶಕುನ ಎಲ್ಲಿ ಬಂತು? ಹಂಗ ನೋಡಿದ್ರ ನಮ್ಮ ಅಂಗಡ್ಯಾಗ ವಾರಕ್ಕೊಂದು ಟ್ಯೂಬಲೈಟ್ ಹೋಗ್ತೈತಿ" ಎಂದ. ಮರುದಿನ ಅಂಗಡಿಗೆ ಹೋಗುವ ಮೊದಲು ನನ್ನನ್ನು ಕರೆದುಕೊಂಡು ಚಾಚಾನ ಬಳಿ ಹೋದ.

ಚಾಚಾ ಎಲ್ಲ ಕೇಳಿಸಿಕೊಂಡು, "ಉಸುಕಿನ ಮ್ಯಾಲೆ ಕಲ್ಲು ಇಟ್ಟಿದ್ದಿ ಹೌದಿಲ್ಲೋ? ಅವು ಬುಡಾ ತೋಡ್ತಾವ, ಕಲ್ಲು ಉರಳತೈತಿ. ಮೊದಲ ಗಾಜಿನ ಮ್ಯಾಲೆ ಥರ್ಮಾಕೋಲ್ ಹಾಸು, ಅದರ ಮ್ಯಾಲೆ ಕಲ್ಲು ಕುಂದ್ರಸು, ಆಮ್ಯಾಲೆ ಉಸುಕು. ಎಷ್ಟ ಬೇಕಾದ್ರ ತೋಡ್ಲಿ ಆಗ" ಎಂದರು. ಹೊಸ ಗಾಜಿನ ತೊಟ್ಟಿ ಬಂತು. ಹಾಗೆಯೇ ಕೂಡಿಸಿದೆ. ನೀಲಿ ಗಂಡು ಅದೇ ದೊಡ್ಡ ಕಲ್ಲನ್ನು ಹುಡುಕಿ ಹಿಡಿದು ಮತ್ತೆ ತೋಡಲು ಶುರುಮಾಡಿತು. ಈ ಸಲ ಕಲ್ಲು ಮಿಸುಕಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬ್ಯಾಡಗಿಯ ಆ ತಾಯಿ. ಹಿಂದೆ ಮಗ. ದೊಡ್ಡಪ್ಪ ಇಲ್ಲ. ಮುಂಚೆ ಹೇಳಿ ಕಳಿಸಿರಲಿಲ್ಲ. ಅವ್ವ ಗಾಬರಿಯಲ್ಲಿ "ಬರ್ರಿ, ಕುಂದ್ರಿ" ಎನ್ನುತ್ತ ಚಾದರ ಸರಿಮಾಡಿದಳು. ಆಕೆ ನೇರ ಸಣ್ಣ ತೊಟ್ಟಿಯ ಹತ್ತಿರ ಹೋಗಿ ಕುಳಿತು, ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ನನಗೆ ಕೊಟ್ಟರು. ಒಳಗೆ ಬಸವನಹುಳುವಿನ ಖಾಲಿ ಚಿಪ್ಪು. ದೊಡ್ಡವು, ಸಣ್ಣವು, ತೊಳೆದು ಒಣಗಿಸಿದವು, ಚೀಲದ ತುಂಬ.

"ನನ್ನ ತವರಮನಿ ಹೊಸರಿತ್ತಿ ಕಡೆ" ಎಂದರು. "ವರದಾ ಹೊಳಿ ದಂಡೀಗೆ ಇವು ಬೇಕಾದಷ್ಟು ಬಿದ್ದಿರ್ತಾವ. ಅವತ್ತ ನೋಡಿದೆ, ಒಂದು ಮೀನ ಬಾಯಿಲೆ ಉಸುಕು ತಂದು ತಂದು ಹೊರಗ ಚೆಲ್ಲಿ ಬಾಗಲಾ ಹಸನ ಮಾಡಾಕತ್ತಿತ್ತು. ಇನ್ನೊಂದು ಪಾಪ, ಮನಿ ಇಲ್ಲದ, ಮೂಲ್ಯಾಗ ನಿಂತಿತ್ತು. ಅದನ್ನ ನೋಡಿ ಬಂದಾಗಿಂದ ಅದ ನೆನಪು. ಮೊನ್ನೆ ತವರಿಗೆ ಹೋದಾಗ ಹೊಳೀಗೆ ಹೋಗಿ ಆರಿಸಿಕೊಂಡು ಬಂದೆ."

ನಾನು ಒಂದೊಂದಾಗಿ ಚಿಪ್ಪು ಉಸುಕಿನ ಮೇಲಿಟ್ಟೆ. ಮೂಲೆಯಲ್ಲಿದ್ದ ಮೀನು ಹತ್ತಿರ ಬಂದು, ಒಂದರ ಸುತ್ತ ತಿರುಗಿ, ಬಾಯಿಟ್ಟು ನೋಡಿ, ಸರಕ್ಕನೆ ಒಳಗೆ ಹೋಯಿತು. ಆಕೆ ಕೈ ತಟ್ಟಿ ನಕ್ಕರು. ಮೊದಲ ಸಲ ಅವರ ನಗು ಕೇಳಿದೆ.

ಆಮೇಲೆ ಅವ್ವನ ಕಡೆ ತಿರುಗಿ ಹೇಳಿದರು. "ನಮ್ಮ ಭಾವನವರು ಹಿರೇರು. ಅವರ ಮಾತು ನಾ ಎಂದೂ ಮೀರಿಲ್ಲ. ಆದ್ರ ಈ ವಿಷಯದಾಗ ಒಪ್ಪಂಗಿಲ್ಲಂತ ಅವರಿಗೆ ಹೇಳಿ ಬಂದೇನಿ. ಮನ್ಯಾಗ ಗಾಜು ಒಡದ್ರ ಯಾವ ಹುಡುಗಿ ಹೆಂಗ ನಿಂತ್ಕೋತಾಳ ಅನ್ನೂದು ಎಲ್ಲಾರಿಗೂ ನೋಡಾಕ ಸಿಗಂಗಿಲ್ಲ. ನನಗ ಸಿಕ್ತು. ನಿಮ್ಮ ಮಗಳಿಗೆ ಮನಸ್ಸಿದ್ರ ಹೇಳ್ರಿ, ಇಲ್ಲಂದ್ರ ಚಿಪ್ಪು ಕೊಟ್ಟು ಹೋಗಾಕ ಬಂದಿದ್ದೆ ಅಂತ ತಿಳಕೋರಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಹುಡುಗನನ್ನು ಕೇಳಿದೆ. "ನಾ ಬಂದ್ರ ಮೀನೂ ಬರ್ತಾವ. ನಡೀತೈತೇನ್ರಿ?"

ಅವರು ತಕ್ಷಣ ಹೌದೆನ್ನಲಿಲ್ಲ. ಅದು ನನಗೆ ಹಿಡಿಸಿತು. "ನೀರಿನ ಚಿಂತಿ ಇಲ್ಲ. ನಮ್ಮ ಬೋರು ನಿಮ್ಮದಕ್ಕಿಂತ ಸವಳು" ಎಂದರು. "ಆದ್ರ ಸುಗ್ಗ್ಯಾಗ ಊರ ತುಂಬ ಮೆಣಸಿನಕಾಯಿ ಘಾಟು. ಹೊಸಬರು ಸೀನಿ ಸೀನಿ ಸಾಕಾಗ್ತಾರ. ಮೀನಕ್ಕ ಏನ ಆಕ್ಕೈತೋ ನನಗ ಗೊತ್ತಿಲ್ಲ. ನೋಡೂಣು, ಏನಾರ ಮಾಡೂಣು."

ಮದುವೆಯಾಯಿತು. ದೊಡ್ಡಪ್ಪ ಬಂದು, ಮುಂದೆ ನಿಂತು ಎಲ್ಲ ನಡೆಸಿಕೊಟ್ಟರು. ಹಳೆಯ ಮಾತು ಎತ್ತಲಿಲ್ಲ. ಕಪಾಟು, ಗಾದಿಗಳ ಜೊತೆ ಟೆಂಪೋದಲ್ಲಿ ತೊಟ್ಟಿಗಳು, ಕಲ್ಲು ತುಂಬಿದ ಗೋಣಿಚೀಲ, ಮುಚ್ಚಳ ಹಾಕಿದ ಬಕೀಟುಗಳಲ್ಲಿ ಮೀನು ಬ್ಯಾಡಗಿಗೆ ಹೋದವು. ಕಲ್ಲಿನ ಚೀಲ ಇಳಿಸಿದ ಹಮಾಲ, "ಬೀಗರು ಕಲ್ಲೂ ಕೊಟ್ಟು ಕಳಿಸ್ಯಾರಲ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ.

ಸುಗ್ಗಿ ಬಂದಾಗ ಘಾಟು ಎಂದರೇನೆಂದು ತಿಳಿಯಿತು. ಮಾರುಕಟ್ಟೆಗೆ ಲಾರಿ ಲಾರಿ ಮೆಣಸಿನಕಾಯಿ. ಬೀದಿಯೆಲ್ಲ ಕೆಂಪು. ನಾನು ಸೀನಿದರೆ ಅತ್ತೆ ಒಳಗಿನಿಂದಲೇ "ಶತಾಯುಷ್ಯ" ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲಿ ಅವರಿಗೆ ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಲ್ಲಿನ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ನೀರಿನ ಮೇಲೆ ತೆಳ್ಳಗೆ ಕೆಂಪು ಜಿಡ್ಡು.

ಗಂಡ ಅಂಗಡಿಗೆ ಹೊರಟಿದ್ದವರು ನಿಂತರು. ತೊಟ್ಟಿಯ ಸುತ್ತ ಎರಡು ಸಲ ತಿರುಗಿ ಗಾಳಿ ಪಂಪನ್ನು ಕೈಗೆತ್ತಿಕೊಂಡರು. ಅದು ಬೀದಿ ಕಡೆಯ ಕಿಟಕಿಯಲ್ಲಿತ್ತು. "ನೋಡು, ಇದು ಬೀದಿ ಗಾಳಿ ಜಗ್ಗಿ ನೀರಿಗೆ ಬಿಡಾಕತ್ತೈತಿ. ನಾವು ಮೂಗು ಮುಚ್ಚಿಕೋತೇವಿ, ಅವು ಏನ ಮುಚ್ಚಿಕೊಂಡಾವು?" ಅತ್ತೆ ಒಳಗಿನಿಂದ ಹಳೆಯ ಧೋತರದ ಮೆತ್ತನೆಯ ತುಂಡು ತಂದರು. ಪಂಪನ್ನು ಅದರಲ್ಲಿ ನಾಲ್ಕು ಪದರು ಸುತ್ತಿ ನಡುಮನೆಯೊಳಗಿನ ಗೂಡಿಗೆ ಸಾಗಿಸಿದೆವು. ಮೇಲಿನ ನೀರು ತೆಗೆದು ಹೊಸ ನೀರು ಹಾಕಿದೆವು. ಅಂಗಡಿ ಆಳು ಮತ್ತೆ ಮತ್ತೆ ಕರೆಯಲು ಬಂದರೂ ಅವರು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನುಗಳು ಒಂದೊಂದಾಗಿ ಕೆಳಗಿಳಿದವು. ಮರುವಾರ ತೊಟ್ಟಿಗಳನ್ನೇ ನಡುಮನೆಗೆ ಒಯ್ದೆವು. ಮುಂದೆ ಪ್ರತಿ ಸುಗ್ಗಿಗೂ ಧೋತರದ ತುಂಡು ಬದಲಿಸುವ ಕೆಲಸ ಅತ್ತೆಯದೇ ಆಯಿತು.

ತೊಟ್ಟಿ ನಡುಮನೆಗೆ ಬಂದ ಮೇಲೆ ಅತ್ತೆ ಕಾಯಿಪಲ್ಯೆ ಸೋಸುವುದು, ಹೂ ಕಟ್ಟುವುದು ಎಲ್ಲ ಅದರ ಎದುರಿಗೇ. ಪಾಲಕಿನ ಮೊದಲ ಎಲೆ ಮೀನಿಗೆ. ಒಂದು ದಿನ ನನ್ನನ್ನು ಗಾಬರಿಯಿಂದ ಕರೆದರು.

"ಯವ್ವಾ, ಇಲ್ಲಿ ಬಾ ಲಗೂನ. ಈ ಹಳದೀದು ನಿನ್ನಿಂದ ಕೂಳ ಮುಟ್ಟಿಲ್ಲ. ಗಂಟಲಾ ಬ್ಯಾರೇ ಬಾತೈತಿ. ಗಂಟಲಬ್ಯಾನಿ ಇರಬೇಕು. ಒಂದೀಟು ಅರಿಶಿಣಾ ಹಾಕೂಣೇನು?"

ನೋಡಿದೆ. ಮೀನಿನ ಕೆಳದವಡೆ ಗುಂಡಗೆ ಉಬ್ಬಿತ್ತು. ಅದು ಕಲ್ಲಿನ ನೆರಳಿನಲ್ಲಿ ಒಂಟಿಯಾಗಿ ನಿಂತು ಏನನ್ನೋ ಜಗಿಯುವ ಹಾಗೆ ಬಾಯಾಡಿಸುತ್ತಿತ್ತು. ಓದಿದ್ದೆ, ಕಂಡಿರಲಿಲ್ಲ.

"ಬ್ಯಾನಿ ಅಲ್ರಿ ಅತ್ತೀ. ಅದರ ಬಾಯಾಗ ತತ್ತಿ ಅದಾವ. ಮರಿ ಆಗೂತನಾ ಬಾಯಾಗ ಇಟ್ಕೊಂಡಿರ್ತೈತಿ."

"ಬಾಯಾಗ? ನುಂಗಿದ್ರ?"

"ನುಂಗಬಾರದಂತನ ಉಣಾಕ ಒಲ್ಲೆ ಅಂತೈತಿ. ಎರಡು ಮೂರು ವಾರ ಹಂಗ ಇರ್ತೈತಿ."

ಅತ್ತೆ ತೊಟ್ಟಿಯನ್ನೇ ನೋಡುತ್ತ ಕುಳಿತುಬಿಟ್ಟರು. ಅಂದಿನಿಂದ ಮನೆಯಲ್ಲಿ ಜೋರಾಗಿ ಬಾಗಿಲು ಹಾಕುವಂತಿಲ್ಲ, ತೊಟ್ಟಿಯ ಮುಂದೆ ಕೂಗಾಡುವಂತಿಲ್ಲ. ಬೇರೆ ಮೀನುಗಳು ಮರಿ ತಿನ್ನುತ್ತವೆಂದು ನಾನು ಹೇಳಿದ್ದಕ್ಕೆ, ಅಗಲ ಟಬ್ಬಿನಲ್ಲಿ ನಾಲ್ಕು ಕಲ್ಲಿಟ್ಟು ಆ ಹೆಣ್ಣನ್ನು ಅದಕ್ಕೆ ಬಿಡಿಸಿದರು. ದಿನದಿನಕ್ಕೆ ಅದರ ಹೊಟ್ಟೆ ಒಳಗೆ ಹೋಗಿ ಬೆನ್ನು ತೆಳ್ಳಗಾಯಿತು. "ಎಷ್ಟ ಸೊರಗೇತಿ ನೋಡು" ಎಂದು ಅತ್ತೆ ನಿಟ್ಟುಸಿರು ಬಿಡುತ್ತಿದ್ದರು.

ಕಡೆಗೊಂದು ಬೆಳಿಗ್ಗೆ ಅವರು ನನ್ನ ಹೆಸರು ಹಿಡಿದು ಕೂಗಿದರು. ಓಡಿ ಹೋದೆ. ಟಬ್ಬಿನಲ್ಲಿ ತಾಯಿ ಬಾಯಿ ತೆರೆದಿತ್ತು. ಅದರೊಳಗಿಂದ ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ಹಳದಿ ಮರಿಯೊಂದು ಹೊರಗೆ ಬಂದು ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಒಂದು ಹಿಂಡು. ನಾನು ಬಗ್ಗಿದ ನೆರಳು ನೀರಿನ ಮೇಲೆ ಬಿದ್ದದ್ದೇ ತಡ, ಎಲ್ಲವೂ ಧಾವಿಸಿ ತಾಯಿಯ ಬಾಯೊಳಗೆ ಹೋಗಿಬಿಟ್ಟವು. ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. "ಸರಿ ಸರಿ, ಅಂಜತಾವ." ಇಬ್ಬರೂ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಂತೆವು. ತಾಯಿ ಮತ್ತೆ ಬಾಯಿ ತೆರೆಯಿತು. ಅತ್ತೆ ಕಣ್ಣೊರೆಸಿಕೊಂಡರು. ನಾನೂ.

ಮುಂದಿನ ಒಂದೆರಡು ವರ್ಷಗಳಲ್ಲಿ ಚಿಪ್ಪಿನ ಮೀನುಗಳೂ ಹೆಚ್ಚಿದವು. ಹೊಳೆಯ ಪ್ರತಿ ಚಿಪ್ಪಿನ ಬಾಯಲ್ಲೂ ಸೂಜಿಮೊನೆಯಷ್ಟು ಮರಿಗಳು ಸಾಲಾಗಿ ನಿಂತು ಹೊರಗೆ ಇಣುಕುತ್ತಿದ್ದವು. ಕಲ್ಲಿನ ಮೀನಿನ ಮರಿಗಳಂತೂ ತೊಟ್ಟಿ ಹಿಡಿಸಲಾರದಷ್ಟು. ಕೆಲವನ್ನು ರಾಣೆಬೆನ್ನೂರಿಗೆ ಅಪ್ಪನಿಗೆ ಕೊಟ್ಟೆ. ಕೆಲವನ್ನು ಕಾಗಿನೆಲೆಯಲ್ಲಿದ್ದ ಗಂಡನ ಸ್ನೇಹಿತರು ಒಯ್ದರು.

ಅದೇ ಹೊತ್ತಿಗೆ ಹಾವೇರಿಯಲ್ಲಿದ್ದ ಗಂಡನ ಅಕ್ಕ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಇಡೀ ದಿನ ಮಂಚದ ಮೇಲೆ. ಎಲ್ಲರ ಮೇಲೂ ಸಿಡುಕು. ಫೋನಿನಲ್ಲಿ ತಾಯಿಯ ಹತ್ತಿರ, "ಛತ್ತು ನೋಡಿ ನೋಡಿ ತಲಿ ಕೆಟ್ಟೈತಿ ಬೇ" ಎಂದಳು. ಅತ್ತೆ ಫೋನಿಟ್ಟವರೇ ನನಗೆ, "ಆಕಿ ಮಂಚದ ಬಾಜೂಕ ಒಂದು ತೊಟ್ಟಿ ಇಟ್ಟು ಬರೂಣು ನಡಿ" ಎಂದರು.

ನಾನು, ಗಂಡ ಮೊದಲೇ ಹೋಗಿ ತೊಟ್ಟಿ, ಕಲ್ಲು, ಬೋರಿನ ನೀರು ಎಲ್ಲ ಕೂಡಿಸಿ ಬಂದೆವು. ಮೀನು ಒಯ್ಯುವ ದಿನ ಅತ್ತೆ ಮತ್ತು ನಾನು ಬಸ್ಸು ಹತ್ತಿದೆವು. ಅತ್ತೆಯ ತೊಡೆಯ ಮೇಲೆ ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿ. ಗುಂಡಿ ಬಂದಲ್ಲೆಲ್ಲ ಅವರು ಡಬ್ಬಿಯನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಕಂಡಕ್ಟರು, "ಅಮ್ಮಾರ, ಬೆಣ್ಣಿ ಐತೇನ್ರಿ? ಅಷ್ಟ್ಯಾಕ ಜ್ವಾಕಿ?" ಎಂದು ಕೇಳಿದ. ಅತ್ತೆ ಮುಚ್ಚಳ ಎತ್ತಿ ತೋರಿಸಿದರು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಹಾವೇರಿ ಬರುವ ತನಕ ಅತ್ತೆ ಬಾಯಲ್ಲಿ ಮರಿ ಸಾಕುವ ಮೀನಿನ ಕಥೆಯನ್ನು ಬ್ಯಾಡಗಿ ಬಸ್ಸಿಗೆಲ್ಲ ಹೇಳಿದರು. ಅಂದು ದಿವಾನದ ತುದಿಯಲ್ಲಿ ಸೆರಗು ಹೊದ್ದು ಮೆತ್ತಗೆ ಕೂತಿದ್ದ ಹೆಂಗಸು ಇವರೇನಾ ಎಂದು ನಾನು ನೋಡುತ್ತಿದ್ದೆ.

ಅಕ್ಕ ದಿಂಬಿಗೆ ಒರಗಿ ಕಾಯುತ್ತಿದ್ದಳು. ಮೀನು ಬಿಟ್ಟೆವು. ಬಿಟ್ಟದ್ದೇ ಎಲ್ಲವೂ ಕಲ್ಲಿನ ಹಿಂದೆ ಹೋಗಿ ಅಡಗಿದವು. ತೊಟ್ಟಿಯಲ್ಲಿ ಬರೀ ಕಲ್ಲು, ನೀರು.

"ಇಷ್ಟ ದೂರದಿಂದ ಕಲ್ಲು ತೋರಸಾಕ ಬಂದ್ರೇನು?" ಎಂದಳು ಅಕ್ಕ.

"ತಡಿ. ಹೊಸಾ ಜಾಗಾ. ಅವಸರಾ ಮಾಡಬ್ಯಾಡ" ಎಂದರು ಅತ್ತೆ.

ಚಹಾ ಬಂತು. ಕುಡಿದೆವು. ಅಕ್ಕ ಮೊಣಕೈಯೂರಿ ಸ್ವಲ್ಪ ಮೇಲೆದ್ದು ಕೂತಳು; ಬಿದ್ದ ಮೇಲೆ ತಾನಾಗಿ ಎದ್ದು ಕೂತದ್ದು ಅದೇ ಮೊದಲು ಎಂದು ಅವಳ ಗಂಡ ನನಗೆ ಮೆಲ್ಲಗೆ ಹೇಳಿದರು. ಆಗ ಎರಡು ಕಲ್ಲುಗಳ ನಡುವಿನಿಂದ ಒಂದು ನೀಲಿ ಮೂತಿ ಕಾಣಿಸಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು. ಈ ಸಲ ಪೂರ್ತಿ ಹೊರಗೆ ಬಂದು, ಗಾಜಿನ ಹತ್ತಿರ ನಿಂತು, ಅಕ್ಕನನ್ನೇ ನೋಡಿತು.

"ಬಂತು ಬೇ, ಬಂತು!" ಎಂದು ಅಕ್ಕ ಪಿಸುಗುಟ್ಟಿದಳು.

ಅತ್ತೆ ಖಾಲಿ ಕಪ್ಪುಗಳನ್ನು ಒಟ್ಟು ಮಾಡುತ್ತ, "ಪಾಲಕ್ ಒಂದ ಕುದಿ ಬಂದ ಮ್ಯಾಲೆ ಹಾಕು, ಹಸೀದು ಹಾಕಬ್ಯಾಡ" ಎಂದು ಮಗಳಿಗೆ ಹೇಳತೊಡಗಿದರು.